ಒಂದೇ ಏಟಿನ ಕುಂಬಳಕಾಯಿ

ಸೀಗಿ ಹುಣ್ಣಿಮೆಯ ಬೆಳಗ್ಗೆ ಕಳಕಮ್ಮನ ಮನೆಯಲ್ಲಿ ಕುಂಬಳಕಾಯಿ ಒಡೆಯಲು ಒಬ್ಬ ಗಂಡಸು ಬೇಕಾಗಿತ್ತು. ಹೊರಗಿನವರನ್ನು ಕರೆಯುವ ಹಾಗಿರಲಿಲ್ಲ, ಯಾಕೆಂದರೆ ಒಳಗೆ ಒಬ್ಬ ಇದ್ದ.

ಕುಷ್ಟಗಿ ಕಡೆಯ ಆ ಊರಿನಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಕಬ್ಬಿಣ ತಾಗಿಸುವುದಿಲ್ಲ. ಗಂಡಸು ಮೊದಲ ಏಟು ಹಾಕಿ ಎರಡು ಹೋಳು ಮಾಡಿ ಕೊಡಬೇಕು. ಆಮೇಲೆ ತುರಿಯುವುದು, ಬೇಯಿಸುವುದು ಹೆಂಗಸರ ಪಾಲು. ಗಂಡು ಹೆತ್ತವಳಂತೂ ಅದರ ಮೇಲೆ ಕೊಡಲಿ ಎತ್ತುವುದೇ ಇಲ್ಲ. ಎತ್ತಿದರೆ ಆ ಏಟು ಹಿರಿಮಗನ ನೆತ್ತಿಗೆ ಬೀಳುತ್ತದೆ ಎಂದು ನಂಬಿದವರು. ಗಂಡ ತೀರಿದ ಮೇಲೆ, ಮಗ ಊರಲ್ಲಿ ನಿಲ್ಲದ ಕಾರಣ, ಆರು ವರ್ಷ ಕಳಕಮ್ಮನಿಗೆ ಕಾಯಿ ಒಡೆದುಕೊಟ್ಟವನು ಈಶಪ್ಪ, ಗಂಡನ ಅಣ್ಣನ ಮಗ. ಒಡೆದು, ಒಲೆಯ ಮುಂದೆ ಕೂತು, ಎಣ್ಣೆಯಲ್ಲಿ ಕರಿದ ಮೊದಲ ನಾಲ್ಕು ಗಾರಿಗಿ ತಿಂದೇ ಎದ್ದು ಹೋಗುತ್ತಿದ್ದ.

ಈ ಸಲ ಅವನನ್ನು ಕರೆಯುವುದೆಂದರೆ ಒಳಗಿದ್ದವನನ್ನು ಕೊಂದ ಹಾಗೆ.

ಒಳಗಿದ್ದವನು ಪಿಂಜಾರರ ಮೌಲಾಹುಸೇನ. ಹತ್ತಿ ಹಿಂಜಿ, ಗಾದಿ ಹೊಲಿದು ಬದುಕಿದವನು. ಭಾರತದ ದಂಡು ಬಂದು ನಿಜಾಮರ ಸರಕಾರ ಬಿದ್ದು ತಿಂಗಳಾಗಿತ್ತು. ಆ ಒಂದು ತಿಂಗಳಲ್ಲಿ ಈಶಪ್ಪನೂ ಅವನ ಜೊತೆಯವರೂ ಮೌಲಾಹುಸೇನನ ಮನೆಗೆ ಬೆಂಕಿ ಇಟ್ಟಿದ್ದರು. ಅವನ ಅಣ್ಣನನ್ನು ಹಳ್ಳದ ದಂಡೆಗೆ ಎಳೆದೊಯ್ದು ಕಲ್ಲಿನಿಂದ ಜಜ್ಜಿದ್ದರು. ಮುಖ ಉಳಿಯದ ಹೆಣವನ್ನು ಅಂಗಿಯ ಗುಂಡಿ ನೋಡಿ ಗುರುತು ಹಿಡಿಯಬೇಕಾಯಿತು. ಹೆಂಡತಿ ಬಾಷಾಬಿ ಮಕ್ಕಳನ್ನು ಕಟ್ಟಿಕೊಂಡು ಗಂಗಾವತಿಯ ತವರಿಗೆ ಓಡಿದ್ದಳು. ಮೌಲಾಹುಸೇನ ಹನ್ನೆರಡು ದಿನ ಸಜ್ಜೆ ಹೊಲದಲ್ಲಿ ಅಡಗಿ, ಹಸಿ ತೆನೆ ಅಗಿದು, ನಾಲ್ಕು ದಿನದ ಹಿಂದೆ ಕಳಕಮ್ಮನ ಹಿತ್ತಲಿಗೆ ಬಂದು ಬಿದ್ದಿದ್ದ. ಅವಳು ಅವನನ್ನು ಒಳಮನೆಯಲ್ಲಿ ಜೋಳದ ಕಣಜದ ಹಿಂದೆ ಕೂಡಿಸಿದ್ದಳು.

ಈಶಪ್ಪನ ಸಿಟ್ಟಿಗೆ ಕಾರಣ ಇಲ್ಲದೆ ಇರಲಿಲ್ಲ. ಹೋದ ವರ್ಷ ಶೇಂಗಾ ಕೀಳುವ ದಿನಗಳಲ್ಲಿ ನಿಜಾಮರ ಕಡೆಯ ಬಂದೂಕಿನವರು ಊರು ಹೊಕ್ಕರು. ಊರ ಬಾಗಿಲಾದ ಅಗಸಿಯಲ್ಲಿ ಮೌಲಾಹುಸೇನನನ್ನು ಹಿಡಿದು, ಬೆನ್ನಿಗೆ ಬಂದೂಕು ಒತ್ತಿ ಏನೋ ಕೇಳಿದರು. ಅವನು ಕೈ ಎತ್ತಿ ಈಶಪ್ಪನ ಮನೆ ತೋರಿಸಿದ. ಊರೇ ನೋಡಿತು. ಆ ಮನೆಯ ಹೊಸ್ತಿಲ ಮೇಲೆ ಈಶಪ್ಪನ ತಮ್ಮ ದೊಡ್ಡಬಸಪ್ಪನನ್ನು ಗುಂಡು ಹಾಕಿ ಕೊಂದರು.

ಏನು ಕೇಳಿದರು ಎನ್ನುವುದು ಮಾತ್ರ ಊರಿಗೆ ಗೊತ್ತಿರಲಿಲ್ಲ. ಕಳಕಮ್ಮನಿಗೆ ಗೊತ್ತಿತ್ತು. ಅವರು ಕೇಳಿದ್ದು ಕೊಟ್ರಬಸಪ್ಪನ ಮನೆ. ಕೊಟ್ರಬಸಪ್ಪ ಅವಳ ಒಬ್ಬನೇ ಮಗ. ಗಡಿಯಾಚೆ ಹೋರಾಟಗಾರರ ಶಿಬಿರದಲ್ಲಿದ್ದವನು, ಜ್ವರ ಹತ್ತಿ ಬಂದು ಅವತ್ತು ಇದೇ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಈಶಪ್ಪನ ಮನೆಯವರೆಲ್ಲ ಹೊಲಕ್ಕೆ ಹೋದದ್ದನ್ನು ಬೆಳಗ್ಗೆ ಕಣ್ಣಾರೆ ಕಂಡಿದ್ದ ಮೌಲಾಹುಸೇನ, ಖಾಲಿ ಮನೆ ಎಂದು ಅದನ್ನು ತೋರಿಸಿಬಿಟ್ಟ. ಹಗ್ಗ ಮರೆತ ದೊಡ್ಡಬಸಪ್ಪ ತಿರುಗಿ ಬಂದಿದ್ದು ಅವನಿಗೆ ಗೊತ್ತಿರಲಿಲ್ಲ. ಅವತ್ತೇ ಸಂಜೆ ಅವನು ಕಳಕಮ್ಮನ ಕಾಲ ಹತ್ತಿರ ಕೂತು ಇದನ್ನು ಹೇಳಿ ಅತ್ತ. ಅವಳು "ಬಾಯಿ ಬಿಡಬ್ಯಾಡ" ಅಂದಳು. ಒಂದು ವರ್ಷ ಅವನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಆ ವರ್ಷವೆಲ್ಲ ಅವಳ ಹೊಲ ಹೂಡಿಕೊಟ್ಟವನು ಈಶಪ್ಪನೇ.

"ಈ ಸಲ ಗಾರಿಗಿ ಬ್ಯಾಡ ಬಿಡ್ರಿ ಅತ್ತಿ," ಅಂದಳು ಸೊಸೆ ಗುರುಲಿಂಗಮ್ಮ, ಒಲೆಗೆ ಕಟ್ಟಿಗೆ ತುರುಕುತ್ತ. "ಬರೇ ರೊಟ್ಟಿ, ಪುಂಡಿಪಲ್ಲೆ ಒಯ್ದು ಹೊಲದಾಗ ಭೂಮ್ತಾಯಿಗೆ ಚರಗ ಚೆಲ್ಲಿ ಬರೂಣು."

"ಹುಣ್ಣಿವಿ ದಿನ ನಮ್ಮನಿ ಬೆಳಕಿಂಡ್ಯಾಗ ಎಣ್ಣಿ ವಾಸನಿ ಬರಲಿಲ್ಲ ಅಂದ್ರ ಓಣಿ ಹೆಂಗಸ್ರು ಒಳಗ ಬಂದು ಕೇಳ್ತಾರ. ಮಾಡೂಣು."

ಇನ್ನೂ ಮಸುಕಿರುವಾಗ ಅವಳು ಕುಂಬಳಕಾಯಿಯನ್ನೂ ಕೊಡಲಿಯನ್ನೂ ಒಳಮನೆಗೆ ಒಯ್ದಳು. ಮೌಲಾಹುಸೇನ ಕೊಡಲಿ ಕಂಡು ಗೋಡೆಗೆ ಸರಿದ.

"ಹೆದರಬ್ಯಾಡೋ. ಇದನ್ನ ಒಡದು ಕೊಡು."

"ನಾನಾ? ಯಾರನ್ನರ ಕರೀಬೇಕಿತ್ತು ಯವ್ವಾ."

"ಕರದ್ರ ಕುಂಬಳಕಾಯಿ ಬಿಟ್ಟು ನಿನ್ನ ಒಡೀತಾರ."

ನಾಲ್ಕು ದಿನದಲ್ಲಿ ಮೊದಲ ಸಲ ಅವನು ಹಲ್ಲು ಬಿಟ್ಟ. ಗೋಣಿಚೀಲ ಹಾಸಿ, ಅದರ ಮೇಲೆ ಕಾಯಿ ಇಟ್ಟು, ಸದ್ದಾಗದಂತೆ ಒಂದೇ ಏಟು ಹಾಕಿದ. ಹತ್ತಿ ಹಿಂಜುವ ಬಿಲ್ಲು ಮೀಟಿ ಮೀಟಿ ಗಟ್ಟಿಯಾದ ತೋಳು. ಕಾಯಿ ನಡುವೆ ಸೀಳಿ, ಕೆಂಪು ತಿರುಳು ತೋರಿಸಿ, ಎರಡು ಬಟ್ಟಲಿನ ಹಾಗೆ ಬಿತ್ತು.

ಅತ್ತೆ ಸೊಸೆ ಕೂತು ತುರಿದರು. ತುರಿಗೆ ಬೆಲ್ಲ ಹಾಕಿ ಒಲೆಗಿಟ್ಟರೆ ಅದು ತನ್ನ ನೀರು ತಾನೇ ಬಿಟ್ಟುಕೊಂಡು ಕುದಿಯಿತು. ಬಣ್ಣ ತಿರುಗಿದ ಮೇಲೆ ಇಳಿಸಿ, ಗೋಧಿ ಹಿಟ್ಟು, ಒಂದು ಹಿಡಿ ಅಕ್ಕಿ ಹಿಟ್ಟು, ಏಲಕ್ಕಿ. ಒಂದು ಹನಿ ನೀರೂ ಹಾಕದೆ ಆ ಪಾಕದಲ್ಲೇ ಕಲೆಸಬೇಕು. ನೀರು ಬಿದ್ದರೆ ಗಾರಿಗಿ ಎಣ್ಣೆ ಕುಡಿಯುತ್ತದೆ. ಗುರುಲಿಂಗಮ್ಮ ಎಲೆಗೆ ಎಣ್ಣೆ ಸವರಿ, ಅಂಗೈಯಗಲ ತಟ್ಟಿ, ಮೇಲೆ ಗಸಗಸೆ ಒತ್ತಿ, ಬಾಣಲಿಗೆ ಬಿಟ್ಟಳು. ಗಾರಿಗಿ ಮುಳುಗಿ, ಎದ್ದು, ಉಬ್ಬಿತು. ಮೊದಲ ಎರಡನ್ನು ಕಳಕಮ್ಮ ಒಳಮನೆಗೆ ಕೊಟ್ಟು ಬಂದಳು.

ಮೂರನೆಯದು ಬಾಣಲಿಯಲ್ಲಿರುವಾಗ ಈಶಪ್ಪ ಬಂದ. ಹೆಗಲ ಮೇಲೆ ಕೊಡಲಿ. ಹಿಂದೆ ಅವನ ಮನೆಯ ಆಳು ಓಬಳೆಪ್ಪ.

"ಏನ ಚಿಗವ್ವಾ, ಕಾಯಿ ಒಡಿಯಾಕ ಕರೀತಿ ಅಂತ ಹಲ್ಲು ತಿಕ್ಕೊಂಡು ಕುಂತೀನಿ, ನೀ ಇಲ್ಲಿ ಬಾಣಲಿ ಇಟ್ಟೇ ಬಿಟ್ಟಿ?"

ಕಳಕಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. "ನಿಂಗ್ಯಾಕ ತ್ರಾಸು ಕೊಡೂದು ಅಂತ... ಕೂಡ್ರಪ್ಪಾ. ತಿನ್ನು."

ಅವನು ಕಂಬಕ್ಕೊರಗಿ ಕೂತ. ಗುರುಲಿಂಗಮ್ಮ ತಾಟಿನಲ್ಲಿ ಇಟ್ಟದ್ದನ್ನು ಮುರಿದು ಬಾಯಿಗೆ ಹಾಕಿಕೊಂಡು, ಬಿಸಿಗೆ ಬಾಯಿ ತೆರೆದು ಗಾಳಿ ಊದಿದ. "ಭಾಳ ಛಲೋ ಆಗ್ಯಾವ. ಓಬ್ಯಾ, ನೀನೂ ಹಿಡಿ. ದೊಡ್ಡಬಸ್ಯಾ ಇದ್ದಿದ್ರ ಬುಟ್ಟಿ ತುಂಬಾಕ ಬಿಡ್ತಿದ್ದಿಲ್ಲ." ಸ್ವಲ್ಪ ಹೊತ್ತು ಅಗಿದ. "ಮತ್ತ ಒಡದಾವ ಯಾರು?"

"ನಾನಽ ಒಡದೆ," ಅಂದಳು ಕಳಕಮ್ಮ.

ಈಶಪ್ಪ ನಕ್ಕ. ಓಬಳೆಪ್ಪನೂ ನಕ್ಕ. ಯಾರಾದರೂ ನಗಬೇಕಾದ ಮಾತು.

"ನೀನು? ಹಾದ್ಯಾಗ ಬೆಕ್ಕು ಅಡ್ಡ ಬಂದ್ರ ಕೊಟ್ರಗ ಏನರ ಆದೀತಂತ ತಿರುಗಿ ಮನಿಗೆ ಬರಾಕಿ?" ಅವನು ಕೈ ಚಾಚಿ ಮೂಲೆಯಲ್ಲಿದ್ದ ತುರಿದ ಹೋಳಿನ ಚಿಪ್ಪು ಎತ್ತಿದ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಗೀರೂ ಇಲ್ಲದ ಅಂಚು. "ಇದು ಗಂಡಸಿನ ಏಟು, ಚಿಗವ್ವಾ. ಒಂದ ಏಟಿಗೆ ಬಿದ್ದೈತಿ. ಯಾರು ಬಂದಿದ್ರು?"

"ಯಾರೂ ಬಂದಿಲ್ಲೋ. ಹೊತ್ತಾತಂತ ನಾನಽ ಒಡಕೊಂಡೆ."

ಈಶಪ್ಪ ಎದ್ದು, ಅಟ್ಟದ ಮೇಲಿದ್ದ ಇನ್ನೊಂದು ಕುಂಬಳಕಾಯಿಯನ್ನು ಇಳಿಸಿ ಅವಳ ಮುಂದೆ ಉರುಳಿಸಿದ. ತನ್ನ ಕೊಡಲಿಯ ಕಾವನ್ನು ಅವಳ ಕೈಗೆ ಕೊಟ್ಟ.

"ಒಡಿ ನೋಡೂಣು."

ಒಲೆಯ ಮೇಲಿನ ಎಣ್ಣೆ ಹೊಗೆಯಾಡಿತು. ಗುರುಲಿಂಗಮ್ಮ ಕೆಂಡ ಎಳೆಯುವುದನ್ನು ಮರೆತಿದ್ದಳು. ಕಳಕಮ್ಮ ಕಾಯಿಯನ್ನು ನೋಡಿದಳು. ಮಗನ ತಲೆ ಹುಟ್ಟುವಾಗಲೂ ಹೀಗೇ ಒಂದು ಕಡೆ ಚಪ್ಪಟೆಯಾಗಿತ್ತು. ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ತೀಡಿ ದುಂಡು ಮಾಡಿದ್ದು ಅವಳ ಅಂಗೈ. ಅವಳು ಕೊಡಲಿ ಎತ್ತಿದಳು. ಮೊದಲ ಏಟು ಜಾರಿ ನೆಲಕ್ಕೆ ಬಡಿಯಿತು. ಎರಡನೆಯದು ಸಿಪ್ಪೆಯಲ್ಲಿ ಸಿಕ್ಕಿಕೊಂಡಿತು. ಕಾಲಿಟ್ಟು ಕಿತ್ತು ಮತ್ತೆ ಹೊಡೆದಳು. ಎಡಗೈ ಅಡ್ಡ ಬಂದು ಬೆರಳು ಸೀಳಿತು, ನೋಡಲಿಲ್ಲ. ಹೊಡೆದಳು, ಹೊಡೆದಳು. ತಿರುಳೂ ಬೀಜವೂ ರಕ್ತವೂ ಸೀರೆಯ ಮೇಲೆಲ್ಲ ಸಿಡಿದವು. ಕಾಯಿ ಎಂಟು ಹತ್ತು ಚೂರಾದ ಮೇಲೆ ಕೊಡಲಿ ಕೆಳಗಿಟ್ಟು, ಏದುಸಿರಿನಲ್ಲಿ ಅಂದಳು: "ಸಾಕಾ?"

ಈಶಪ್ಪನ ಮುಖದಲ್ಲಿ ನಗೆ ಇರಲಿಲ್ಲ. ಅವಳು ಒಡೆಯದೆ ಅತ್ತಿದ್ದರೆ, ಯಾರೋ ಹಾದಿಹೋಕನ ಹೆಸರು ಹೇಳಿದ್ದರೆ, ಬೈದು ಎದ್ದು ಹೋಗುತ್ತಿದ್ದನೋ ಏನೋ. ಒಡೆದದ್ದೇ ತಪ್ಪಾಯಿತು.

"ಒಬ್ಬನ ಮಗ ನಿನಗ," ಅಂದ ಮೆಲ್ಲಗೆ. "ಅವನ ನೆತ್ತಿ ಮ್ಯಾಲ ಕೊಡ್ಲಿ ಹಾಕಿದಿ. ಹಂಗಾರ ಒಳಗ ಯಾರನ್ನ ಇಟ್ಟುಕೊಂಡಿ?"

ಅವಳು ಒಳಮನೆಯ ಬಾಗಿಲಿಗೆ ಅಡ್ಡ ನಿಂತಳು. ಅವನು ಕೊಡಲಿ ಎತ್ತಿಕೊಂಡು ಅವಳ ಎದೆಗೆ ಒದ್ದ. ಬಿದ್ದವಳು ಕಾಲು ಹಿಡಿದಳು; ಹಿಮ್ಮಡಿಯಿಂದ ಮುಖಕ್ಕೆ ಮೆಟ್ಟಿ ಬಿಡಿಸಿಕೊಂಡ. ಕಣಜದ ಹಿಂದಿನಿಂದ ಮೌಲಾಹುಸೇನನನ್ನು ಕೂದಲು ಹಿಡಿದು ಎಳೆದು ತಂದಾಗ ಅವನ ಕೈಯಲ್ಲಿ ಇನ್ನೂ ಅರ್ಧ ತಿಂದ ಗಾರಿಗಿ ಇತ್ತು.

"ತಿಂತೀಯೇನಲೇ? ನನ್ನ ತಮ್ಮನ ಪಾಲಿಂದು ತಿಂತೀಯಾ?"

ಕೊಡಲಿಯ ಹಿಂಬದಿಯಿಂದ ಹೆಗಲಿಗೆ ಹೊಡೆದ. ಮೂಳೆ ಮುರಿದದ್ದು ಅಡುಗೆಮನೆಯಲ್ಲೆಲ್ಲ ಕೇಳಿಸಿತು. ಬಾಯಿಗೆ ಹೊಡೆದ; ಹಲ್ಲು ನೆಲಕ್ಕೆ ಬಿದ್ದವು. ಮೌಲಾಹುಸೇನ ಕೂಗಲಿಲ್ಲ. ಕೂಗಿದರೆ ಓಣಿಯವರೂ ಬರುತ್ತಾರೆ ಎಂದು ಅಷ್ಟರಲ್ಲೂ ತಿಳಿದಿದ್ದ. ಒಂದೇ ಕೈಯಲ್ಲಿ ತಲೆ ಮುಚ್ಚಿಕೊಂಡು ಮುದುಡಿದ. ಈಶಪ್ಪ ಕೊಡಲಿಯನ್ನು ತಿರುಗಿಸಿ, ಅಲಗು ಕೆಳಗೆ ಮಾಡಿ, ಎರಡೂ ಕೈಯಿಂದ ಎತ್ತಿದ.

ಗುರುಲಿಂಗಮ್ಮ ಸೆರಗು ಸುತ್ತಿ ಬಾಣಲಿಯ ಕಿವಿ ಹಿಡಿದದ್ದನ್ನು ಯಾರೂ ನೋಡಲಿಲ್ಲ. ಕಾದ ಎಣ್ಣೆ ಈಶಪ್ಪನ ಕುತ್ತಿಗೆಯಿಂದ ಬಲತೋಳಿನವರೆಗೆ ಬಿತ್ತು. ಅವನು ಕೊಡಲಿ ಬಿಟ್ಟು ಕೂಗಿದ ಕೂಗು ಮನುಷ್ಯನದಾಗಿರಲಿಲ್ಲ. ನೆಲದ ಮೇಲೆ ಉರುಳಿದ. ಅಂಗಿ ಕಿತ್ತಲ್ಲಿ ಚರ್ಮವೂ ಜೊತೆಗೆ ಬಂತು.

"ಹಾದರಗಿತ್ತಿ!" ಎಂದು ಓಬಳೆಪ್ಪ ಗುರುಲಿಂಗಮ್ಮನ ತುರುಬು ಹಿಡಿದು ಗೋಡೆಗೆ ಬಡಿದ. ಕಳಕಮ್ಮ ಎದ್ದಿದ್ದಳು. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಕೊಡಲಿ ಅವಳ ಕೈಯಲ್ಲಿತ್ತು.

"ಬಿಡೋ ಓಬ್ಯಾ ಆಕಿನ್ನ. ಈಗ ನೋಡೀದಿ, ನನಗ ಒಡಿಯಾಕ ಬರ್ತೈತಿ."

ಓಬಳೆಪ್ಪ ಕೈಬಿಟ್ಟು ಹಿಂದೆ ಸರಿದ. ಅವಳು ಈಶಪ್ಪನ ತಲೆಯ ಹತ್ತಿರ ಕುಕ್ಕರಿಸಿದಳು. ಇನ್ನು ಮುಚ್ಚಿಡುವುದಕ್ಕೆ ಆಗುವುದಿಲ್ಲ. ಮುಚ್ಚಿಟ್ಟರೆ ಈ ಪಿಂಜಾರ ಇವತ್ತಲ್ಲ ನಾಳೆ ಸಾಯುತ್ತಾನೆ. ಹೇಳಿದರೆ ಸಾಯುವುದು ಯಾರು ಎನ್ನುವುದೂ ಅವಳಿಗೆ ಗೊತ್ತಿತ್ತು.

"ಈಶಪ್ಪಾ, ಕೇಳು. ಅವತ್ತು ಬಂದೂಕಿನವರು ನಿಮ್ಮನಿ ಕೇಳಲಿಲ್ಲ. ನನ್ನ ಮಗನ್ನ ಕೇಳಿದ್ರು. ಕೊಟ್ರ ಇಲ್ಲೇ ಜ್ವರದಾಗ ಬಿದ್ದಿದ್ದ. ಇಂವ ಅವನ್ನ ಉಳಸಾಕ ನಿಮ್ಮನಿ ತೋರ್ಸಿದ. ಖಾಲಿ ಐತಿ ಅಂತ ತೋರ್ಸಿದ. ಅವತ್ತಿಂದ ನನಗ ಗೊತ್ತೈತಿ."

ಈಶಪ್ಪನ ನರಳಾಟ ನಿಂತಿತು. ಹಲ್ಲು ಕಚ್ಚಿಕೊಂಡೇ ಕೇಳಿದ. "ಕೊಟ್ರನ್ನ ಕೇಳಿದ್ರಾ?"

"ಹೂಂ."

"ಒಂದ ವರ್ಷ ನನ್ನ ಕೈಯಾಗ ಹೊಲ ಹೂಡ್ಸಿದಿ. ನನ್ನ ತಮ್ಮನ ಹೆಣದ ಮ್ಯಾಲ ಬಿದ್ದು ಅತ್ತಿ."



ಅಷ್ಟರಲ್ಲಿ ಹೊರಬಾಗಿಲು ಬಡಿದರು. ಕೂಗು ಕೇಳಿ ಓಣಿಯ ನಾಲ್ಕೈದು ಗಂಡಸರು ಬಂದಿದ್ದರು. ಹಳ್ಳದ ದಂಡೆಗೆ ಈಶಪ್ಪನ ಜೊತೆ ಹೋಗಿದ್ದವರೇ. ಮೌಲಾಹುಸೇನ ಇಲ್ಲಿದ್ದಾನೆ ಎಂದು ಈಶಪ್ಪ ಒಂದು ಮಾತು ಅಂದರೆ ಸಾಕಾಗಿತ್ತು. ಕಳಕಮ್ಮ ಅವನ ಬಾಯನ್ನೇ ನೋಡಿದಳು. ಅವನು ಓಬಳೆಪ್ಪನ ತೋಳು ಹಿಡಿದು ಎದ್ದು, ಬಾಗಿಲನ್ನು ಒಂದು ಗೇಣು ತೆರೆದ.

"ಏನಾತೋ ಈಶ?"

"ಎಣ್ಣಿ ಬಾಣಲಿ ಮಗಚ್ತು. ಓಬ್ಯಾ ಅದಾನ, ನೀವು ಹೊಲಕ್ಕ ನಡೀರಿ."

"ಮತ್ತ ಆ ರಕ್ತ?"

"ಚಿಗವ್ವ ಕೈ ಕೊಯ್ಕೊಂಡಾಳ. ಹಬ್ಬದ ದಿನ ಹೆಂಗಸ್ರ ಅಡಗಿ ಮನಿ ಏನ್ ಇಣಿಕಿ ನೋಡ್ತೀರೋ, ಹೋಗ್ರಿ."

ಅವರು ಹೋದರು. ಈಶಪ್ಪ ಬಾಗಿಲು ಹಾಕಿ, ನೆಲದ ಮೇಲೆ ಬಿದ್ದವನ ಕಡೆ ಗದ್ದ ತೋರಿಸಿದ.

"ಓಬ್ಯಾ, ಬಂಡಿ ಹೂಡು. ಇವನ್ನ ಮೇವಿನಾಗ ಮುಚ್ಚಿ ಎಲ್ಯರ ಒಗದು ಬಾ. ಬದುಕಿದ್ರ ಬದುಕ್ಲಿ. ಇವನ ಸಂಗಾಟ ನಂದು ಮುಗೀತು." ಆಮೇಲೆ ಕಳಕಮ್ಮನ ಕಡೆ ತಿರುಗಿದ. "ಕೊಟ್ರ ಯಾವಾಗ ಬರ್ತಾನ?"

ಕೊಟ್ರಬಸಪ್ಪ ಕೊಪ್ಪಳದಲ್ಲಿದ್ದ. ಇವತ್ತು ಊಟದ ಹೊತ್ತಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದ. ಊರಿಗೇ ಗೊತ್ತಿದ್ದ ಮಾತು.

"ಭಾವಾ," ಗುರುಲಿಂಗಮ್ಮ ಹಣೆಯ ರಕ್ತ ಒರೆಸುತ್ತ ಅಂದಳು, "ಅವ್ರಿಗೆ ಏನೂ ಗೊತ್ತಿಲ್ರಿ. ಜ್ವರದಾಗ ಮೈಮ್ಯಾಲ ಎಚ್ಚರಿರಲಿಲ್ಲ."

"ನನ್ನ ತಮ್ಮಗೂ ಏನೂ ಗೊತ್ತಿರಲಿಲ್ಲವ್ವ."

ಕೊಡಲಿಯನ್ನು ಕಳಕಮ್ಮನ ಕೈಯಿಂದ ಎಡಗೈಯಲ್ಲಿ ಕಿತ್ತುಕೊಂಡು, ಸುಟ್ಟ ಗಾಯಕ್ಕೆ ಸುಣ್ಣದ ತಿಳಿ ಹಚ್ಚಿಸಿಕೊಳ್ಳಲು ಅವನು ತನ್ನ ಮನೆಗೆ ಹೋದ.

ಓಬಳೆಪ್ಪ ಬಂಡಿಯನ್ನು ಹಿತ್ತಲಿಗೆ ತಂದ. ಮೂವರೂ ಸೇರಿ ಮೌಲಾಹುಸೇನನನ್ನು ಎತ್ತಿ ಮಲಗಿಸಿದರು. ಮುರಿದ ಹೆಗಲಿಗೆ ಕಳಕಮ್ಮ ತನ್ನ ಹಳೇ ಸೀರೆ ಬಿಗಿದಳು.

"ಎಲ್ಲೂ ಒಗೀಬ್ಯಾಡಪಾ. ಕೊಪ್ಪಳದ ದವಾಖಾನಿಗೆ ಒಯ್ಯಿ. ಅಲ್ಲಿ ದಂಡು ಐತಿ, ಯಾರೂ ಮುಟ್ಟಾಂಗಿಲ್ಲ."

ಓಬಳೆಪ್ಪ, ಸ್ವಲ್ಪ ಹೊತ್ತಿನ ಹಿಂದೆ ತಾನು ಗೋಡೆಗೆ ಬಡಿದಿದ್ದ ಹೆಣ್ಣುಮಗಳ ಹಣೆಯನ್ನು ಒಮ್ಮೆ ನೋಡಿ, ಹೂಂ ಎಂದು ತಲೆ ಆಡಿಸಿದ.

"ನೀನೂ ಹತ್ತು," ಅಂದಳು ಕಳಕಮ್ಮ ಸೊಸೆಗೆ. "ಹಾದ್ಯಾಗ ಕೊಟ್ರ ಎದುರಾಗ್ತಾನ. ಹಂಗಽ ತಿರುಗಿಸಿ ಕರಕೊಂಡು ಹೋಗು. ಈ ಊರ ಮಾರಿ ನೋಡಬ್ಯಾಡ ಅನ್ನು. ನಾ ಸತ್ತೆ ಅಂತ ಸುದ್ದಿ ಬಂದ್ರೂ ಬರಬ್ಯಾಡ ಅನ್ನು."

"ಅತ್ತೀ, ನೀವು?"

"ಹತ್ತು ಅಂದ್ರ ಹತ್ತು."

ಹಿತ್ತಲಿನಿಂದ ಹೊರಟ ಬಂಡಿ ಸುತ್ತು ಹಾದಿ ಹಿಡಿದು ಕೊಪ್ಪಳದ ರಸ್ತೆ ಸೇರಬೇಕು. ಕಳಕಮ್ಮ ಮುಖವನ್ನೂ ತೊಳೆಯದೆ ಅಗಸಿಗೆ ಬಂದಳು. ಬುಟ್ಟಿ ಹೊತ್ತು ಹೊಲಕ್ಕೆ ಹೊರಟ ಜನ ಅವಳನ್ನು ನೋಡಿ ಮಾತು ನಿಲ್ಲಿಸಿ ದಾಟಿಹೋದರು. ಈಶಪ್ಪ ಬಂದ. ತೋಳಿಗೆ ಬಿಳಿ ಸುಣ್ಣ, ಎಡಗೈಯಲ್ಲಿ ಕೊಡಲಿ. ಕಟ್ಟೆಯ ಮೇಲೆ ಕೂತು ಕೊಪ್ಪಳದ ಹಾದಿಗೆ ಕಣ್ಣಿಟ್ಟ. ಅವಳೂ ಪಕ್ಕದಲ್ಲಿ ಕೂತಳು.

"ಮನಿಗೆ ಹೋಗು, ಚಿಗವ್ವ. ನೀ ನೋಡೂದಲ್ಲ ಇದು."

"ನೀ ಏಳು. ನಾನೂ ಏಳ್ತೀನಿ."

ಬಿಸಿಲು ಕಟ್ಟೆಗೆ ಬಂತು. ಅವನ ತೋಳಿನ ಮೇಲೆ ಬೊಬ್ಬೆಗಳು ಎದ್ದು ನೀರು ಜಿನುಗಿತು. ಅವನು ಇದ್ದಕ್ಕಿದ್ದಂತೆ ಅವಳ ಕಡೆ ತಿರುಗಿದ.

"ಗುರುಲಿಂಗಿ ಎಲ್ಲಿ?"

ಅವಳ ಕಣ್ಣು ಹಾದಿಯ ಕಡೆ ಹೊರಳಿತು.

"ಬಂಡ್ಯಾಗ ಕಳಿಸಿದೇನು? ಬರಬ್ಯಾಡ ಅಂತ ಹೇಳಿ ಕಳಿಸಿದೇನು?"

ಅವನು ಎದ್ದ. ಕುದುರೆ ಇಲ್ಲದಿದ್ದರೂ ಅಡ್ಡ ಹೊಲ ಹಾಯ್ದು ಓಡಿದರೆ ಬಂಡಿ ಸಿಗುತ್ತದೆ. ಅವಳು ಅವನ ಎರಡೂ ಕಾಲನ್ನು ಅಪ್ಪಿಕೊಂಡಳು. ಅವನು ಎಳೆದ, ನಾಲ್ಕು ಹೆಜ್ಜೆ ಅವಳನ್ನೂ ಮಣ್ಣಿನಲ್ಲಿ ಎಳೆದುಕೊಂಡೇ ಹೋದ. ಬಿಡು ಅಂದ. ಬೈದ. ಕೊಡಲಿಯ ಕಾವಿನಿಂದ ಬೆನ್ನಿಗೆ ಹೊಡೆದ. ಮತ್ತೆ ಹೊಡೆದ. ಬುಟ್ಟಿ ಹೊತ್ತವರು ದೂರದಲ್ಲಿ ನಿಂತರು. ಯಾರೂ ಹತ್ತಿರ ಬರಲಿಲ್ಲ.

"ಸಾಯ್ತಿ ನೀ! ಬಿಡು!"

ಬೆರಳು ಸೀಳಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹೆಣೆದು ಅವಳು ಹಿಡಿತ ಬಿಗಿ ಮಾಡಿದಳು. ಅವನು ಮತ್ತೆ ಎತ್ತಿದ. ಈ ಸಲ ಏಟು ಎಲ್ಲಿಗೆ ಬಿದ್ದೀತು ಎಂದು ಅವಳು ತಲೆ ಎತ್ತಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಬಂಡಿಯನ್ನು ಹಳ್ಳ ಇಳಿಸಿದಳು, ಏರಿ ಹತ್ತಿಸಿದಳು, ಬೇವಿನ ಮರ ದಾಟಿಸಿದಳು, ಕೆಂಪು ಮಸಾರಿ ಹೊಲಗಳ ನಡುವಿನ ನೆಟ್ಟಗಿನ ಹಾದಿಗೆ ತಂದಳು. ಆಚೆಯಿಂದ ಹೆಗಲ ಮೇಲೆ ಟವೆಲು ಹಾಕಿಕೊಂಡು ಅವಳ ಮಗ ನಡೆದು ಬರುತ್ತಿದ್ದ, ಬಂಡಿ ಅವನ ಮುಂದೆ ನಿಂತಿತು.